ಪ್ರಾಥಮಿಕ ಶಾಲಾ ಮಕ್ಕಳ ಪೌಷ್ಟಿಕತೆ ಅಳೆಯುವುದು ಹೇಗೆ? ಪಕ್ಕದ ಕ್ಲಸ್ಟರಿನ ವರದಿಯನ್ನು ನಂಬಬಹುದೇ?

ಎಡದಂಡೆ ಮಾಸ್ತರ, ಕಾರಟಗಿ

ಎಲ್ಲರಿಗೂ ನಮಸ್ಕಾರ. ಪಕ್ಕದ ಕ್ಲಸ್ಟರಿನಲ್ಲಿ (ಅಕ್ಕಪಕ್ಕದ ಶಾಲೆಗಳ ಗುಂಪು) ಶಿಕ್ಷಕರೊಬ್ಬರು ಒಂದರಿಂದ ಐದನೇ ತರಗತಿಯ ಮಕ್ಕಳ ತೂಕ, ಎತ್ತರ ನೋಡಿ ಕ್ರಿಯಾ ಸಂಶೋಧನೆಯ ವರದಿ ಸಲ್ಲಿಸಿದ್ದಾರೆ. ಅದರಂತೆ ಇಬ್ಬರು ಮೂವರನ್ನು ಬಿಟ್ಟರೆ ಇಡೀ ಶಾಲೆಯೇ ಅಪೌಷ್ಟಿಕ. ಕಾರಣದ ಅಂಕಣದಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದೇ ಸಾಲು: ಪೋಷಕರ ಬಡತನ ಮತ್ತು ಅಜ್ಞಾನ. ಈಗ ನಮ್ಮ ಶಾಲೆಯಲ್ಲೂ ಅದೇ ನಮೂನೆಯಲ್ಲಿ ಮಾಡಿಕೊಡಿ ಎಂದು ಮೇಲಿನವರು ಹೇಳಿದ್ದಾರೆ.

ನಮ್ಮದು ತುಂಗಭದ್ರಾ ನೀರು ಕುಡಿಯುವ ಭತ್ತದ ಸೀಮೆ. ಇಲ್ಲಿ ಹಸಿವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಎಲ್ಲ ಮಕ್ಕಳೂ ಅಪೌಷ್ಟಿಕರು ಎಂದು ಬರೆದಿಟ್ಟರೆ ನಾನು ನಾಳೆ ಯಾರ ಮನೆಯ ಬಾಗಿಲು ತಟ್ಟಬೇಕು? ಯಾರನ್ನು ಮೊದಲು ವೈದ್ಯರ ಬಳಿ ಕರೆದೊಯ್ಯಬೇಕು? ತಿಳಿದವರು ಹೇಳಿ.

ಕಪ್ಪುಮಣ್ಣು, ದೇವದುರ್ಗ

ಗುರುಗಳೇ, ಆ ವರದಿಯನ್ನು ನೋಡದೆಯೇ ಒಂದು ಮಾತು ಹೇಳುತ್ತೇನೆ. ಬಿಎಂಐ, ಅಂದರೆ ಕೆ.ಜಿ. ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಅಂಕಿ, 18.5ಕ್ಕಿಂತ ಕಡಿಮೆ ಬಂದವರನ್ನೆಲ್ಲ ಅಪೌಷ್ಟಿಕರ ಪಟ್ಟಿಗೆ ಸೇರಿಸಿರುತ್ತಾರೆ. ಹೌದೋ ಅಲ್ಲವೋ ನೋಡಿ. ಆ ಗೆರೆ ದೊಡ್ಡವರದು. ಮಕ್ಕಳಿಗೆ ವಯಸ್ಸಿಗೆ ತಕ್ಕ ಬೇರೆ ಕೋಷ್ಟಕವಿದೆ. 5ರಿಂದ 19 ವರ್ಷದವರಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೊರಡಿಸಿದ್ದು. ಅದರಲ್ಲಿ 8 ವರ್ಷದ ಹುಡುಗನ ಬಿಎಂಐ 15.7 ಇದ್ದರೆ ಅದು ನಟ್ಟನಡುವಿನ ಅಳತೆ. 13.3ಕ್ಕಿಂತ ಕೆಳಗೆ ಹೋದರೆ ಕೃಶ (ತೀರಾ ತೆಳು), 12.4ಕ್ಕಿಂತ ಕೆಳಗೆ ಹೋದರೆ ತೀವ್ರ ಕೃಶ. 18.5 ಬಂದ ಹುಡುಗ ಅಧಿಕ ತೂಕದ ಸಾಲಿಗೆ ಸೇರುತ್ತಾನೆ! ಅಂದರೆ ಆ ಶಾಲೆಯಲ್ಲಿ ಆರೋಗ್ಯವಂತರೆಂದು ಉಳಿದ ಇಬ್ಬರು ಮೂವರಿಗೇ ಬೊಜ್ಜಿನ ಚಿಂತೆ ಇರಬಹುದು.

ಇನ್ನೊಂದು ಎಡವಟ್ಟು ನಾನು ಶಾಲಾ ತಪಾಸಣೆಗೆ ಹೋದಾಗಲೆಲ್ಲ ಕಾಣುತ್ತೇನೆ. ಅಂಗನವಾಡಿಯಿಂದ ತೋಳಿನ ಅಳತೆಪಟ್ಟಿ ತಂದು ಮೂರನೇ ತರಗತಿಯ ಮಕ್ಕಳಿಗೆ ಸುತ್ತುತ್ತಾರೆ. ಅದರ ಮೇಲಿನ ಕೆಂಪು, ಹಳದಿ ಬಣ್ಣ 6 ತಿಂಗಳಿಂದ 59 ತಿಂಗಳವರೆಗಿನ ಕೂಸುಗಳಿಗೆ. 11.5 ಸೆಂ.ಮೀ. ಗೆರೆ ಹಿಡಿದು ಎಂಟು ವರ್ಷದವನ ತೋಳು ನೋಡಿದರೆ ಎಲ್ಲರೂ ಹಸಿರೇ. ಒಂದು ತಪ್ಪಿನಿಂದ ಎಲ್ಲರೂ ಅಪೌಷ್ಟಿಕರು, ಇನ್ನೊಂದು ತಪ್ಪಿನಿಂದ ಯಾರೂ ಅಲ್ಲ. ಎರಡೂ ವರದಿಗಳಿಗೆ ಮೇಲಿನ ಕಚೇರಿಯಲ್ಲಿ ಒಂದೇ ಮೊಹರು ಬೀಳುತ್ತದೆ.

ಎಡದಂಡೆ ಮಾಸ್ತರ, ಕಾರಟಗಿ

ನೀವು ಹೇಳಿದ್ದು ನಿಜ. ವರದಿಯಲ್ಲಿ 18.5 ಎಂದೇ ಇದೆ. ಹಾಗಾದರೆ ಸರಿಯಾದ ಕೋಷ್ಟಕ ಹಿಡಿದು ನೋಡಿದರೆ ಮುಗಿಯಿತಲ್ಲವೇ?

ಅಂಕಿ ಲೆಕ್ಕ, ಬಳ್ಳಾರಿ

ಮುಗಿಯುವುದಿಲ್ಲ ಸರ್. ಈಗ ನಿಮ್ಮ ದಾಖಲಾತಿ ವಹಿ ತೆಗೆದು ಜನ್ಮದಿನಾಂಕದ ಕಾಲಂ ನೋಡಿ. ಎಷ್ಟು ಮಕ್ಕಳು ಜೂನ್ 1ರಂದು ಹುಟ್ಟಿದ್ದಾರೆ?

ನಮ್ಮ ಕಡೆ ಅರ್ಧ ಊರಿನ ಹುಟ್ಟುಹಬ್ಬ ಶಾಲೆ ಶುರುವಾಗುವ ದಿನವೇ ಇರುತ್ತದೆ. ಹಿಂದೆ ಸೇರಿಸುವಾಗ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿದರೆ ಆರು ವರ್ಷ ಎಂದು ಬರೆಯುತ್ತಿದ್ದರು. ಈಗ ಜನನ ಪತ್ರ ಕೇಳುತ್ತಾರೆ, ಪರಿಸ್ಥಿತಿ ಸುಧಾರಿಸಿದೆ. ಆದರೂ ಗುಳೆ ಹೋದಲ್ಲಿ ಹುಟ್ಟಿದ ಮಕ್ಕಳದ್ದು ಇವತ್ತಿಗೂ ಅಂದಾಜಿನ ಮೇಲೆಯೇ ನಡೆಯುತ್ತದೆ.

ಇದರಿಂದ ಆಗುವ ಅನಾಹುತ ನೋಡಿ. ಒಬ್ಬ ಹುಡುಗನ ಎತ್ತರ 114 ಸೆಂ.ಮೀ. ಎನ್ನಿ. ವಹಿಯಲ್ಲಿ 8 ವರ್ಷ ಎಂದಿದ್ದರೆ ಅವನು ಕುಂಠಿತ ಬೆಳವಣಿಗೆಯವನು, ಅಂದರೆ ವಯಸ್ಸಿಗೆ ತಕ್ಕ ಎತ್ತರ ಇಲ್ಲದವನು, ಏಕೆಂದರೆ ಆ ವಯಸ್ಸಿನ ಗೆರೆ ಸುಮಾರು 116 ಸೆಂ.ಮೀ. ನಿಜವಾಗಿ ಅವನಿಗೆ 7 ತುಂಬಿದ್ದರೆ ಗೆರೆ 111ರ ಆಸುಪಾಸಿಗೆ ಇಳಿಯುತ್ತದೆ, ಹುಡುಗ ಪಾರು. ಮಗು ಅದೇ, ಅಳತೆಯೂ ಅದೇ. ಗುಮಾಸ್ತರ ಲೇಖನಿ ಮಾತ್ರ ಬೇರೆ.

ಕೃಶತೆಯ ಗೆರೆ ಹೀಗೆ ಕುಣಿಯುವುದಿಲ್ಲ. ಹುಡುಗರಿಗೆ 7 ವರ್ಷಕ್ಕೆ ಅದು 13.1, 8 ವರ್ಷಕ್ಕೆ 13.3. ಅದೇ 114 ಸೆಂ.ಮೀ. ಹುಡುಗ 16.5 ಕೆ.ಜಿ. ತೂಗಿದರೆ ಬಿಎಂಐ 12.7 ಬರುತ್ತದೆ, ಯಾವ ವಯಸ್ಸು ಹಿಡಿದರೂ ಅವನು ಕೃಶನೇ. ವಯಸ್ಸಿನ ಮೇಲೆ ನಂಬಿಕೆ ಇಲ್ಲದ ಶಾಲೆಯಲ್ಲಿ ಎತ್ತರದ ತೀರ್ಪನ್ನು ಆಮೇಲೆ ಕೊಡಿ, ಕೃಶತೆಯನ್ನು ಮೊದಲು ನೋಡಿ. ವಯಸ್ಸು ತಿದ್ದಬೇಕೆಂದರೆ ತಾಯಿ ಕಾರ್ಡ್ (ಬಸುರಿ, ಹೆರಿಗೆ, ಲಸಿಕೆಯ ವಿವರ ಬರೆಯುವ ಕಾರ್ಡು) ಕೇಳಿ. ಬಹಳ ಮನೆಗಳಲ್ಲಿ ಟ್ರಂಕಿನಲ್ಲಿ, ರೇಷನ್ ಕಾರ್ಡಿನ ಜೊತೆ ಭದ್ರವಾಗಿ ಇಟ್ಟಿರುತ್ತಾರೆ.

ಕಪ್ಪುಮಣ್ಣು, ದೇವದುರ್ಗ

ಮೇಲಿನ ಲೆಕ್ಕಕ್ಕೆ ಒಂದು ಸೇರಿಸುತ್ತೇನೆ. ಆ ಹುಡುಗನನ್ನೇ ಒಂದು ಕೆ.ಜಿ. ಹೆಚ್ಚು ತೋರಿಸುವ ಯಂತ್ರದ ಮೇಲೆ ನಿಲ್ಲಿಸಿ. 17.5 ಕೆ.ಜಿ., ಬಿಎಂಐ 13.5 ಸಮೀಪ. ಕೃಶತೆ ಮಾಯ!

ಒಂದು ಕೆ.ಜಿ. ತಪ್ಪುವುದು ಬಲು ಸುಲಭ. ಶಾಲೆಯ ಪಡಸಾಲೆಗೆ ಶಹಾಬಾದ್ ಕಲ್ಲು ಹಾಸಿರುತ್ತಾರೆ. ಎರಡು ಕಲ್ಲುಗಳ ಸಂದಿಯ ಮೇಲೆ ಯಂತ್ರ ಇಟ್ಟರೆ ಒಂದು ಕಾಲು ಗಾಳಿಯಲ್ಲಿರುತ್ತದೆ, ಮಗು ಅಲುಗಾಡಿದ ಹಾಗೆಲ್ಲ ಅಂಕಿ ಬದಲಾಗುತ್ತದೆ. ಬಾಗಿಲ ಬಳಿ ನಿಂತವರು ನಕ್ಕರೆ ಮಗು ತಿರುಗಿ ನೋಡುತ್ತದೆ, ಆ ಕ್ಷಣ ಕಂಡ ಅಂಕಿಯನ್ನು ಬರೆದುಕೊಳ್ಳುತ್ತಾರೆ. ಒಂದೇ ಕಲ್ಲಿನ ನಡುವೆ ಇಡಿ. ಶುರು ಮಾಡುವ ಮುನ್ನ ನ್ಯಾಯಬೆಲೆ ಅಂಗಡಿಯ ತೂಕದ ಬಟ್ಟುಗಳನ್ನು ಇಟ್ಟು ಪರೀಕ್ಷಿಸಿ. ಕಿಸೆಯಲ್ಲಿ ಗೋಲಿ, ಬಳಪ, ಸೊಂಟದಲ್ಲಿ ಬೆಲ್ಟು ಇಲ್ಲದಂತೆ ನೋಡಿಕೊಳ್ಳಿ. ಎಲ್ಲರನ್ನೂ ಬಿಸಿಯೂಟಕ್ಕೆ ಮುಂಚೆಯೇ ಮುಗಿಸಿ. ಅರ್ಧ ಮಕ್ಕಳನ್ನು ಊಟದ ನಂತರ ತೂಗಿದರೆ ಅದು ಒಂದು ಅಳತೆ ಆಗುವುದಿಲ್ಲ.

ಎತ್ತರಕ್ಕೆ ಗೋಡೆಯ ಮೇಲೆ ಪಟ್ಟಿ ಅಂಟಿಸಿ, ಆದರೆ ಹಿಮ್ಮಡಿ ಗೋಡೆಗೆ ತಾಗಬೇಕು, ನೋಟ ನೇರವಾಗಿರಬೇಕು, ತಲೆಯ ಮೇಲೆ ಚಪ್ಪಟೆ ಹಲಗೆ ಇಟ್ಟು ಓದಬೇಕು. ಹುಡುಗಿಯರ ತುರುಬು, ಜಡೆಯ ರಿಬ್ಬನ್ ಗಂಟು ಅಡ್ಡ ಬಂದರೆ ಸರಿಸಿ. ಪ್ರತಿ ಮಗುವನ್ನೂ ಎರಡು ಸಲ ಅಳೆಯಿರಿ. ದಯವಿಟ್ಟು ತೂಕವನ್ನು ಜೋರಾಗಿ ಕೂಗಬೇಡಿ. ಹದಿನಾಲ್ಕು ಕೆ.ಜಿ. ಎಂದು ಕೂಗಿದ ದಿನ ಆ ಹುಡುಗಿಗೆ ತರಗತಿಯಲ್ಲಿ ಹೊಸ ಹೆಸರು ಬೀಳುತ್ತದೆ, ಏಳನೇ ತರಗತಿಯವರೆಗೂ ಅದು ಬಿಡುವುದಿಲ್ಲ.

ಗುಡ್ಡದ ಕೆಳಗಿನವ, ಸಂಡೂರು

ನಾನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ, ಎರಡು ಮಕ್ಕಳ ತಂದೆ. ಅಳತೆಯ ಮಾತು ನೀವು ಆಡಿಕೊಳ್ಳಿ. ನನಗೆ ಸಿಟ್ಟು ಬಂದಿರುವುದು 'ಪೋಷಕರ ಅಜ್ಞಾನ' ಎನ್ನುವ ಸಾಲಿಗೆ.

ನಮ್ಮೂರಿನಿಂದ ಮೆಣಸಿನಕಾಯಿ ಬಿಡಿಸುವ ಹಂಗಾಮಿನಲ್ಲಿ ಹೆಂಗಸರನ್ನು ಕರೆದೊಯ್ಯುವ ಟಂಟಂ ಬೆಳಗ್ಗೆ ಆರೂವರೆಗೆ ಹೊರಡುತ್ತದೆ. ತಾಯಿ ನಾಲ್ಕೂವರೆಗೆ ಎದ್ದು ರೊಟ್ಟಿ ಬಡಿದು, ತನ್ನ ಬುತ್ತಿ ಕಟ್ಟಿಕೊಂಡು ಹೋಗುತ್ತಾಳೆ. ಮಗು ಏಳುವುದು ಏಳಕ್ಕೆ. ಬುಟ್ಟಿಯಲ್ಲಿ ರೊಟ್ಟಿ ಇರುತ್ತದೆ, ಬಡಿಸುವವರು ಇರುವುದಿಲ್ಲ. ಎಂಟು ವರ್ಷದ ಅಕ್ಕ ಆರು ವರ್ಷದ ತಮ್ಮನಿಗೆ ಚಹಾದಲ್ಲಿ ಟೋಸ್ಟ್ ಅದ್ದಿ ಕೊಟ್ಟು ಶಾಲೆಗೆ ಎಳೆದುಕೊಂಡು ಬರುತ್ತಾಳೆ. ತಾಯಿ ಬಿಟ್ಟುಹೋದ ಐದು ರೂಪಾಯಿಗೆ ದಾರಿಯ ಅಂಗಡಿಯಲ್ಲಿ ಉಪ್ಪುಖಾರದ ಪಾಕೀಟು. ಆ ತಾಯಿಗೆ ಮಗುವಿಗೆ ಏನು ತಿನ್ನಿಸಬೇಕೆಂದು ಗೊತ್ತಿಲ್ಲವೇ? ಚೆನ್ನಾಗಿ ಗೊತ್ತಿದೆ. ಅವಳ ಹತ್ತಿರ ಇಲ್ಲದ್ದು ಏಳರಿಂದ ಒಂಬತ್ತರವರೆಗಿನ ಎರಡು ತಾಸು. ಅದನ್ನು ಯಾವ ಕಾಲಂನಲ್ಲಿ ಬರೆಯುತ್ತೀರಿ?

ಒಲೆ ಮುಂದಿನವಳು, ಕುಷ್ಟಗಿ

ಅಣ್ಣಾವರು ಹೇಳಿದ್ದು ಅಕ್ಷರಶಃ ಸರಿ. ನಾನು ಶಾಲೆಯಲ್ಲಿ ಮುಖ್ಯ ಅಡುಗೆಯವಳು. ಯಾವ ಮಗು ಬೆಳಗ್ಗೆ ಉಂಡು ಬಂದಿಲ್ಲ ಎನ್ನುವುದು ನಮಗೆ ಹಾಲು ಕೊಡುವ ಹೊತ್ತಿಗೇ ಗೊತ್ತಾಗುತ್ತದೆ. ಉಂಡು ಬಂದವರು ಲೋಟ ಹಿಡಿದು ಆಟವಾಡುತ್ತಾರೆ, ಕೆನೆ ತೆಗೆದು ಚೆಲ್ಲುತ್ತಾರೆ. ಉಣ್ಣದವರು ನಿಂತಲ್ಲೇ ಒಂದೇ ಗುಟುಕಿಗೆ ಕುಡಿದು ಮತ್ತೆ ಸಾಲಿನ ಹಿಂದೆ ಹೋಗಿ ನಿಲ್ಲುತ್ತಾರೆ.

ಸೋಮವಾರ ನಮ್ಮ ಪಾತ್ರೆಯಲ್ಲಿ ಅನ್ನ ಉಳಿಯುವುದಿಲ್ಲ. ಅದೇ ಅಕ್ಕಿ, ಅದೇ ಹಾಜರಾತಿ, ಗುರುವಾರ ಉಳಿಯುತ್ತದೆ. ಭಾನುವಾರ ಮನೆಯಲ್ಲಿ ಏನಾಯಿತು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಲೆಕ್ಕ ಬೇಕೇ? ಆದರೆ ಯಾವ ಸಂಶೋಧನೆಯವರೂ ಅಡುಗೆ ಕೋಣೆಗೆ ಬಂದು ಕೇಳಿಲ್ಲ. ಬಂದವರೆಲ್ಲ ದಾಸ್ತಾನು ವಹಿ ನೋಡಿ ಸಹಿ ಮಾಡಿ ಹೋಗುತ್ತಾರೆ.

ಅಂಕಿ ಲೆಕ್ಕ, ಬಳ್ಳಾರಿ

ಅಕ್ಕಾ, ನೀವು ಹೇಳಿದ ಸೋಮವಾರದ ಮಾತು ನಮಗೆ ಪಾಠವಾಗಬೇಕು. ನಿನ್ನೆ ಏನು ತಿಂದೆ ಎಂದು ಮಕ್ಕಳನ್ನು ಕೇಳುವ ಪದ್ಧತಿ ಇದೆಯಲ್ಲ, ಅದನ್ನು ಬುಧವಾರ ಕೇಳಿದರೆ ಉತ್ತರದಲ್ಲಿ ಶಾಲೆಯ ಸಾಂಬಾರು, ಮೊಟ್ಟೆ, ಹಾಲು ಬರುತ್ತವೆ. ಸೋಮವಾರ ಕೇಳಿದರೆ ಬರೀ ಮನೆಯ ಊಟ. ಅದೇ ಮಕ್ಕಳನ್ನು ಎರಡೂ ದಿನ ಕೇಳಿ, ಎರಡು ಉತ್ತರಗಳನ್ನು ಪಕ್ಕಪಕ್ಕ ಇಡಿ. ಯಾರಿಗೆ ಶಾಲೆಯ ತಟ್ಟೆಯೇ ಮುಖ್ಯ ಊಟ ಎಂಬುದು ಹೊರಗೆ ಬೀಳುತ್ತದೆ.

ಕೇಳುವ ರೀತಿಯೂ ಮುಖ್ಯ. ಮಾಸ್ತರರು ಕೈಯಲ್ಲಿ ಹಾಳೆ ಹಿಡಿದು ಗಂಭೀರವಾಗಿ ಕೇಳಿದರೆ ಮಕ್ಕಳು ಪರಿಸರ ಅಧ್ಯಯನದ ಪಾಠ ಒಪ್ಪಿಸುತ್ತಾರೆ: ಹಾಲು, ಹಣ್ಣು, ಹಸಿರು ತರಕಾರಿ! ಎದ್ದ ಮೇಲೆ ಎಲ್ಲಿ ಹೋದೆ, ಮನೆಯಲ್ಲಿ ಯಾರಿದ್ದರು, ಯಾರು ತಿನ್ನಲು ಕೊಟ್ಟರು, ರೊಟ್ಟಿಗೆ ನೆಂಚಿಕೊಳ್ಳಲು ಏನಿತ್ತು ಎಂದು ದಿನದ ಕತೆ ಹೇಳಿಸಬೇಕು. 'ಬರೀ ಖಾರ' ಎಂಬ ಉತ್ತರ ಆಗ ಬರುತ್ತದೆ.

ಜೋಳದ ಹೊಲ, ಯಲಬುರ್ಗಾ

ಮನೆಯ ತಟ್ಟೆಯೇ ಬದಲಾಗಿದೆ ಎನ್ನುವುದನ್ನು ಯಾರೂ ಹೇಳಲಿಲ್ಲ. ನಮ್ಮ ಚಿಕ್ಕಂದಿನಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು, ಶೇಂಗಾ ಚಟ್ನಿ, ಮಜ್ಜಿಗೆ. ಚಳಿಗಾಲಕ್ಕೆ ಸಜ್ಜೆ ರೊಟ್ಟಿ. ಈಗ ರೇಷನ್ ಅಕ್ಕಿಯ ಅನ್ನ, ನೀರಾದ ಸಾರು. ಅನ್ನಭಾಗ್ಯ ಬಂದ ಮೇಲೆ ಒಲೆ ಹೊತ್ತದ ಮನೆ ಇಲ್ಲ, ಅದನ್ನು ಹಳಿಯುವವನು ನಾನಲ್ಲ. ಆದರೆ ಹೊಟ್ಟೆ ತುಂಬಿದ ಮಾತ್ರಕ್ಕೆ ರಕ್ತ ತುಂಬುವುದಿಲ್ಲ. ಹೊಲದಲ್ಲಿ ಮುಖ್ಯ ಬೆಳೆಯ ನಡುವೆ ಬಿತ್ತುತ್ತಿದ್ದ ಅಕ್ಕಡಿ ಸಾಲು ಹೋಯಿತು, ಅದರ ಜೊತೆ ಅಲಸಂದಿ, ಹೆಸರು, ಮಡಿಕೆ ಮನೆಗೆ ಬರುವುದೂ ನಿಂತಿತು. ಎಮ್ಮೆ ಇದ್ದ ಮನೆಗಳು ಕೂಡ ಹಾಲನ್ನು ಡೈರಿಗೆ ಹಾಕಿ ಮಕ್ಕಳಿಗೆ ಚಹಾ ಕೊಡುತ್ತವೆ.

ಕಪ್ಪುಮಣ್ಣು, ದೇವದುರ್ಗ

ಚಹಾದ ಮಾತು ಬಂತು, ಒಳ್ಳೆಯದಾಯಿತು. ಊಟದ ಜೊತೆಗೇ ಚಹಾ ಕುಡಿದರೆ ಊಟದಲ್ಲಿನ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಅದೇ ನಿಂಬೆಹಣ್ಣು ಹಿಂಡಿದರೆ, ಪೇರಲ ತಿಂದರೆ ಹೆಚ್ಚಾಗುತ್ತದೆ. ರೊಟ್ಟಿ, ಪಲ್ಯದ ಕಬ್ಬಿಣಾಂಶಕ್ಕೆ ಈ ವ್ಯತ್ಯಾಸ ದೊಡ್ಡದು.

ರಕ್ತಹೀನತೆಯನ್ನು ಮಾತ್ರ ಕಣ್ಣಿನ ರೆಪ್ಪೆ ಕೆಳಗೆಳೆದು ತೀರ್ಮಾನಿಸಬೇಡಿ. ಅದು ಸುಳಿವು, ಪರೀಕ್ಷೆ ಅಲ್ಲ. ಬೆರಳ ತುದಿಯ ರಕ್ತ ತೆಗೆದು ಹಿಮೋಗ್ಲೋಬಿನ್ ನೋಡಬೇಕು. 5ರಿಂದ 11 ವರ್ಷದವರಲ್ಲಿ ಅದು 100 ಮಿ.ಲೀ. ರಕ್ತಕ್ಕೆ 11.5 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ. ಅದನ್ನು ಶಿಕ್ಷಕರು ಮಾಡುವಂತಿಲ್ಲ, ಆರೋಗ್ಯ ತಂಡವೇ ಮಾಡಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೊಮ್ಮೆ ಶಾಲೆಗೆ ಬರಬೇಕು; ಬಂದ ದಿನ ಅರ್ಧ ಮಕ್ಕಳು ಗೈರಾಗಿದ್ದರೆ ಇನ್ನೊಂದು ದಿನ ಕರೆಸಿಕೊಳ್ಳುವ ಹಟ ಮುಖ್ಯ ಗುರುಗಳಿಗೆ ಇರಬೇಕು.

ಮಾತ್ರೆಗಳ ವಿಷಯ. 5ರಿಂದ 9 ವರ್ಷದವರಿಗೆ ವಾರಕ್ಕೊಂದು ಗುಲಾಬಿ ಬಣ್ಣದ ಕಬ್ಬಿಣಾಂಶದ ಮಾತ್ರೆ, 10 ದಾಟಿದವರಿಗೆ ನೀಲಿ. ವರ್ಷಕ್ಕೆರಡು ಸಲ ಜಂತುಹುಳುವಿನ ಅಲ್ಬೆಂಡಜೋಲ್ 400 ಮಿ.ಗ್ರಾಂ. ಕಬ್ಬಿಣದ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಕೊಟ್ಟರೆ ಮಗುವಿಗೆ ಹೊಟ್ಟೆ ತೊಳಸುತ್ತದೆ, ಮರುವಾರ ಬಾಯಿಗೆ ಹಾಕಿಕೊಂಡು ಕಿಟಕಿಯಾಚೆ ಉಗುಳುತ್ತದೆ. ಬಿಸಿಯೂಟ ಆದ ಮೇಲೆಯೇ ಕೊಡಿ, ನುಂಗುವವರೆಗೆ ಎದುರು ನಿಂತಿರಿ.

ಕಂಪ್ಲಿ ಬಂಡಿ

ಇಷ್ಟೆಲ್ಲ ಯಾಕೆ? ಮೊಟ್ಟೆ ಕೊಡುತ್ತಿದ್ದಾರೆ, ಹಾಲು ಕೊಡುತ್ತಿದ್ದಾರೆ, ರಾಗಿ ಮಾಲ್ಟ್ ಕೊಡುತ್ತಿದ್ದಾರೆ. ಇನ್ನೂ ಅಪೌಷ್ಟಿಕತೆ ಎಂದರೆ ನಡುವೆ ಯಾರೋ ತಿನ್ನುತ್ತಿದ್ದಾರೆ. ಮೊಟ್ಟೆ ಕೊಡುವುದೇ ತಪ್ಪು ಎನ್ನುವವರೂ ಇದ್ದಾರೆ, ಅವರ ಮಾತೂ ಕೇಳಬೇಕು.

ಒಲೆ ಮುಂದಿನವಳು, ಕುಷ್ಟಗಿ

ನಡುವೆ ತಿನ್ನುವವರು ಇದ್ದರೆ ಹೆಸರು ಹಿಡಿದು ದೂರು ಕೊಡಿ. ಎಲ್ಲರ ಮೇಲೆ ಎರಚಬೇಡಿ. ಮೊಟ್ಟೆ ಸುಲಿದು ಸುಲಿದು ನಮ್ಮ ಬೆರಳ ತುದಿ ಬಿರಿದಿವೆ.

ನಿರ್ವಾಹಕರು

ಮೊಟ್ಟೆ ಬೇಕೇ ಬೇಡವೇ ಎಂಬ ಜಗಳಕ್ಕೆ ಬೇರೆ ಎಳೆ ಇದೆ. ಜಾತಿಯ ಮಾತು ಬಂದ ಎರಡು ಪ್ರತಿಕ್ರಿಯೆಗಳನ್ನು ತೆಗೆದಿದ್ದೇವೆ. ಇಲ್ಲಿ ಅಳತೆ ಮತ್ತು ಕಾರಣದ ಚರ್ಚೆ ಮಾತ್ರ.

ಕಪ್ಪುಮಣ್ಣು, ದೇವದುರ್ಗ

ಕಂಪ್ಲಿಯವರ ಪ್ರಶ್ನೆಗೆ ಉತ್ತರ ಇದೆ, ಕೋಪ ಮಾಡಿಕೊಳ್ಳದೆ ಕೇಳಿ. ಈ ರಾಜ್ಯದ ಬಿಸಿಯೂಟ ಶುರುವಾಗಿದ್ದೇ ನಮ್ಮ ಭಾಗದಿಂದ. 2002ರಲ್ಲಿ ಅಕ್ಷರ ದಾಸೋಹ ಮೊದಲು ಬಂದ ಜಿಲ್ಲೆಗಳಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಇದ್ದವು. 2013ರಲ್ಲಿ ಕ್ಷೀರಭಾಗ್ಯ ಬಂತು, 150 ಮಿ.ಲೀ. ಹಾಲು. 2021ರ ಡಿಸೆಂಬರಿನಲ್ಲಿ ಮೊಟ್ಟೆಯೂ ಮೊದಲು ಬಂದದ್ದು ಕಲ್ಯಾಣ ಕರ್ನಾಟಕ ಮತ್ತು ವಿಜಯಪುರಕ್ಕೆ. 2024ರಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವು ಸೇರಿ ವಾರದ ಆರು ದಿನಕ್ಕೆ ಏರಿತು. ತಿನ್ನದವರಿಗೆ ಬಾಳೆಹಣ್ಣು.

ಆದರೆ ಬಿಸಿಯೂಟದ ಲೆಕ್ಕ ನೋಡಿ. ಒಂದರಿಂದ ಐದನೇ ತರಗತಿಯ ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಒಟ್ಟು 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್. ಇದು ದಿನದ ಒಂದು ಊಟ. ಉಳಿದ ಎರಡು ಊಟದ ಮೇಲಿನ ಭರವಸೆಯಿಂದ ಮಾಡಿದ ಲೆಕ್ಕ. ಬೆಳಗಿನದು ಚಹಾ ಟೋಸ್ಟ್, ರಾತ್ರಿಯದು ನೀರುಸಾರು ಎಂದಾದರೆ ಶಾಲೆಯೊಂದೇ ಹೊರಲಾರದು.

ಎರಡನೆಯ ಉತ್ತರ ಕಹಿಯಾದದ್ದು. ಕುಂಠಿತ ಬೆಳವಣಿಗೆಯ ಬಹುಭಾಗ ಗರ್ಭದಿಂದ ಹಿಡಿದು ಎರಡು ವರ್ಷ ತುಂಬುವುದರೊಳಗೆ ಆಗಿಹೋಗಿರುತ್ತದೆ. ಹದಿನೇಳು ಹದಿನೆಂಟಕ್ಕೆ ತಾಯಿಯಾದವಳು, ಬಸುರಿಯಲ್ಲಿ ರಕ್ತವಿಲ್ಲ, ಕಡಿಮೆ ತೂಕದ ಕೂಸು, ಆರು ತಿಂಗಳ ಮೇಲೆ ಕೊಡಬೇಕಾದ ಮೇಲಾಹಾರ ತಡ, ಮೇಲಿಂದ ಮೇಲೆ ಭೇದಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಕುಂಠಿತರು. ಅದೇ ಮಕ್ಕಳಲ್ಲವೇ ಒಂದನೇ ತರಗತಿಗೆ ಬರುವುದು? ಎಂಟನೇ ವರ್ಷದಲ್ಲಿ ಮೊಟ್ಟೆ ಕೊಟ್ಟು ಆ ಎತ್ತರವನ್ನು ಪೂರ್ತಿ ಮರಳಿ ತರಲಾಗದು. ಕೃಶತೆ ಮತ್ತು ರಕ್ತಹೀನತೆಯನ್ನು ಮಾತ್ರ ಶಾಲೆ ಖಂಡಿತ ತಿದ್ದಬಹುದು. ಅದಕ್ಕೇ ಎತ್ತರ, ಕೃಶತೆ ಎರಡನ್ನೂ ಒಂದೇ 'ಅಪೌಷ್ಟಿಕತೆ'ಯ ಚೀಲಕ್ಕೆ ತುಂಬಬೇಡಿ ಎನ್ನುವುದು. ಒಂದು ಹಳೆಯ ಸಾಲ, ಇನ್ನೊಂದು ಈ ತಿಂಗಳ ಕೊರತೆ.

ಜೋಳದ ಹೊಲ, ಯಲಬುರ್ಗಾ

ಉಂಡದ್ದು ಮೈಗೆ ಹತ್ತದ ಕಾರಣಗಳನ್ನೂ ಬರೆಯಿರಿ. ಶಾಲೆಯ ಶೌಚಾಲಯಕ್ಕೆ ಬೀಗ, ನೀರಿಲ್ಲ. ಮಕ್ಕಳು ಬರಿಗಾಲಲ್ಲಿ ಬಯಲಿಗೆ ಹೋಗಿ ಬರುತ್ತಾರೆ. ಕೊಕ್ಕೆಹುಳು ಪಾದದ ಚರ್ಮದಿಂದಲೇ ಒಳಹೊಕ್ಕು ಕರುಳಿನಲ್ಲಿ ಕುಳಿತು ರಕ್ತ ಹೀರುತ್ತದೆ. ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಬೇರೆ. ಲೀಟರಿಗೆ 1.5 ಮಿ.ಗ್ರಾಂ ದಾಟಬಾರದು ಎನ್ನುತ್ತಾರೆ. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳಿದ್ದರೆ ಅದನ್ನೂ ನಮೂದಿಸಿ. ಸುಣ್ಣದಂಶ ಕಡಿಮೆ ತಿನ್ನುವ ಮಕ್ಕಳಿಗೆ ಅದರ ಪೆಟ್ಟು ಜಾಸ್ತಿ. ಕಬ್ಬಿಣದ ಮಾತ್ರೆಯಿಂದ ಅದು ಹೋಗುವುದಿಲ್ಲ, ಕುಡಿಯುವ ನೀರನ್ನೇ ಬದಲಿಸಬೇಕು.

ಗುಡ್ಡದ ಕೆಳಗಿನವ, ಸಂಡೂರು

ನಮ್ಮ ಶಾಲೆಯಲ್ಲಿ ಶುದ್ಧ ನೀರಿನ ಘಟಕ ಇದೆ, ನಾಣ್ಯ ಹಾಕುವ ಪೆಟ್ಟಿಗೆ ಕೆಟ್ಟಿದೆ. ಸದ್ಯಕ್ಕೆ ಅದರ ಮೇಲೆ ಪಾರಿವಾಳಗಳು ಗೂಡು ಕಟ್ಟಿವೆ.

ಎಡದಂಡೆ ಮಾಸ್ತರ, ಕಾರಟಗಿ

ಎಲ್ಲವನ್ನೂ ಓದಿದೆ. ಒಂದು ಸಂಗತಿ ನನ್ನ ತಲೆ ಕೊರೆಯುತ್ತಿದೆ. ದೀಪಾವಳಿ ಮುಗಿದ ಮೇಲೆ ನಮ್ಮ ತರಗತಿಯಲ್ಲಿ ಬೆಂಚುಗಳು ಖಾಲಿಯಾಗುತ್ತವೆ. ಕೆಲವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಕೆಲವರು ಕಬ್ಬು ಕಡಿಯಲು. ಮಕ್ಕಳೂ ಜೊತೆಗೆ ಹೋಗುತ್ತಾರೆ, ಯುಗಾದಿಗೋ ಜಾತ್ರೆಗೋ ಬರುತ್ತಾರೆ. ಜನವರಿಯಲ್ಲಿ ಅಳೆದರೆ ಅವರು ಲೆಕ್ಕಕ್ಕೇ ಇಲ್ಲ. ತೀರಾ ಸೊರಗಿದವರು ಬಹುಶಃ ಅವರೇ.

ಅಂಕಿ ಲೆಕ್ಕ, ಬಳ್ಳಾರಿ

ಖಂಡಿತ. ಹಾಜರಿದ್ದವರನ್ನಷ್ಟೇ ಅಳೆದ ವರದಿ ಯಾವಾಗಲೂ ವಾಸ್ತವಕ್ಕಿಂತ ಚೆನ್ನಾಗಿಯೇ ಕಾಣುತ್ತದೆ. ಜೂನ್ ಕೊನೆಯ ವಾರ ಒಮ್ಮೆ, ದಸರಾ ರಜೆ ಮುಗಿದ ಕೂಡಲೇ, ಅಂದರೆ ಗುಳೆಗೆ ಮುಂಚೆ, ಒಮ್ಮೆ, ಯುಗಾದಿಗೆ ಮರಳಿದಾಗ ಒಮ್ಮೆ ಅಳೆಯಿರಿ. ಹಾಳೆಯಲ್ಲಿ ತರಗತಿಯ ಸರಾಸರಿ ಬೇಡ, ಮಗುವಿಗೊಂದು ಸಾಲು. ಈ ವಯಸ್ಸಿನಲ್ಲಿ ಮಗು ವರ್ಷಕ್ಕೆ ಐದಾರು ಸೆಂ.ಮೀ. ಎತ್ತರ, ಎರಡು ಕೆ.ಜಿ. ಮೇಲೆ ತೂಕ ಏರಬೇಕು. ನಾಲ್ಕೈದು ತಿಂಗಳಲ್ಲಿ ತೂಕ ಏರದೇ ನಿಂತಿದ್ದರೆ ಅಥವಾ ಇಳಿದಿದ್ದರೆ ಆ ಮಗು ಕೋಷ್ಟಕದ ಯಾವ ಗೆರೆಯ ಮೇಲಿದ್ದರೂ ಅದರ ಮನೆಗೆ ಹೋಗಬೇಕು.

ಬೇಸಿಗೆ ರಜೆಯದ್ದೂ ಇದೇ ಕತೆ. ಬರ ಬಿದ್ದಿದ್ದರಿಂದ 2024ರ ಬೇಸಿಗೆಯಲ್ಲಿ ರಜೆಯಲ್ಲೂ ಬಿಸಿಯೂಟ ಕೊಟ್ಟರು. ಬರವಿಲ್ಲದ ವರ್ಷದಲ್ಲಿ ಏಪ್ರಿಲ್, ಮೇ ಎರಡೂ ತಿಂಗಳು ಸೋಮವಾರದ ಹಿಂದಿನ ಭಾನುವಾರಗಳೇ.

ಎಡದಂಡೆ ಮಾಸ್ತರ, ಕಾರಟಗಿ

ಸರಿ, ಹೀಗೆ ಮಾಡುತ್ತೇನೆ. ಅವರು ಕೊಟ್ಟ ನಮೂನೆಯನ್ನು ಪಕ್ಕಕ್ಕಿಟ್ಟು ಒಂದು ಉದ್ದನೆಯ ವಹಿ ಹಾಕುತ್ತೇನೆ. ತಾಯಿ ಕಾರ್ಡ್ ನೋಡಿ ವಯಸ್ಸು, ಎರಡು ಸಲದ ತೂಕ, ಎತ್ತರ, ಸೋಮವಾರದ ಉತ್ತರ, ಬುಧವಾರದ ಉತ್ತರ, ಬೆಳಗ್ಗೆ ಮನೆಯಲ್ಲಿ ಯಾರಿರುತ್ತಾರೆ, ಗುಳೆಗೆ ಹೋಗುತ್ತಾರೆಯೇ, ಕುಡಿಯುವ ನೀರು ಎಲ್ಲಿಯದು, ಹಲ್ಲು. ಕೃಶರೆಂದು ಕಂಡವರ ಪಟ್ಟಿಯನ್ನು ಅದೇ ವಾರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೊಡುತ್ತೇನೆ. 'ಅಜ್ಞಾನ' ಎಂಬ ಕಾಲಂ ಇರುವುದಿಲ್ಲ, ಸಂಡೂರಿನ ಅಣ್ಣ ನಿಶ್ಚಿಂತರಾಗಿರಲಿ.

ನಮ್ಮ ಶಾಲೆಯ ತೂಕದ ಯಂತ್ರದ ಮುಳ್ಳು 2 ಕೆ.ಜಿ.ಯ ಮೇಲೇ ನಿಂತಿರುತ್ತದೆ. ಗಂಗಾವತಿ, ಕಾರಟಗಿ ಕಡೆ ಯಾರಲ್ಲಾದರೂ ನೂರು ಗ್ರಾಂವರೆಗೆ ತೋರಿಸುವ ಡಿಜಿಟಲ್ ಯಂತ್ರ ಇದ್ದರೆ ಒಂದು ವಾರಕ್ಕೆ ಕೊಡಿ.

ಒಲೆ ಮುಂದಿನವಳು, ಕುಷ್ಟಗಿ

ಗುರುಗಳೇ, ಯಂತ್ರ ನನ್ನ ಬಳಿ ಇಲ್ಲ. ಆದರೆ ಒಂದು ಕಾಲಂ ಬಿಟ್ಟಿದ್ದೀರಿ. ಎರಡನೇ ಸಲ ಅನ್ನ ಹಾಕಿಸಿಕೊಂಡವರು ಯಾರು, ತಟ್ಟೆಯಲ್ಲಿ ಬಿಟ್ಟು ಎದ್ದವರು ಯಾರು, ಮೊಟ್ಟೆಯನ್ನು ತಿನ್ನದೆ ತಂಗಿಗೆಂದು ಕಿಸೆಗೆ ಹಾಕಿಕೊಂಡವರು ಯಾರು. ಅದನ್ನು ನಿಮ್ಮ ಶಾಲೆಯ ಅಡುಗೆಯವರನ್ನು ಕೂರಿಸಿಕೊಂಡು ಬರೆಯಿರಿ, ಹೆಸರು ಹೆಸರಾಗಿ ಹೇಳುತ್ತಾರೆ.

ಕಪ್ಪುಮಣ್ಣು, ದೇವದುರ್ಗ

ಯಂತ್ರ ನಾನು ಕಳುಹಿಸುತ್ತೇನೆ. ಸಿಂಧನೂರು ಬಸ್ ನಿಲ್ದಾಣದವರೆಗೆ ಬರುವವರು ಇದ್ದಾರೆ, ಅಲ್ಲಿಂದ ನೀವು ತರಿಸಿಕೊಳ್ಳಿ. ಬ್ಯಾಟರಿ ಹೊಸದು ಹಾಕಿಸಿ.